ಹೆಬ್ಬೆಟ್ಟೊತ್ತಿದ ಮುಚ್ಚಳಗಳು

ಆಕೆಯನ್ನು ಎಲ್ಲರೂ ಕರೆಯುತ್ತಿದ್ದದ್ದು ಗುಂಡಿಯಕ್ಕ ಎಂದು. ಅಂಗಿಗೆ ಹೊಲಿಯುವ ಗುಂಡಿಯಲ್ಲ, ನೆಲದಲ್ಲಿ ತೋಡುವ ಗುಂಡಿ. ಎದುರಿಗೆ ಹಾಗೆ ಕರೆದರೂ ಆಕೆಗೆ ಬೇಸರವಿರಲಿಲ್ಲ. "ಗುಂಡಿ ತೋಡಿ ತಿಂದಿದ್ದೀನಿ, ಗುಂಡಿಯಕ್ಕ ಅನ್ನದೆ ಇನ್ನೇನು ರಾಣಿಯಮ್ಮ ಅಂತಾರಾ?" ಎಂದು ಅವಳೇ ನಗುತ್ತಿದ್ದಳು.

ಕೆಲಸ ಅರ್ತಿಂಗಿನದು. ಮನೆಗೋ ಕಾರ್ಖಾನೆಗೋ ಕರೆಂಟು ಬಂದರೆ ಅದರ ಜೊತೆ ಒಂದು ತಂತಿ ನೆಲಕ್ಕೂ ಇಳಿಯಬೇಕು. ಯಂತ್ರದ ಮೈಗೆ ತಪ್ಪಿ ಕರೆಂಟು ಹರಿದರೆ, ಮುಟ್ಟಿದವರ ಮೈಗೆ ನುಗ್ಗದೆ ಆ ತಂತಿ ಹಿಡಿದು ಮಣ್ಣಿಗೆ ಹೋಗಿಬಿಡಲಿ ಎಂದು. ತಂತಿಯ ಕೊನೆಗೆ ಎಂಟಡಿ ಆಳದ ಗುಂಡಿಯಲ್ಲಿ ಹೂತ ಒಂದು ಕಬ್ಬಿಣದ ಪೈಪು. ಅದರ ಸುತ್ತ ಒಂದು ಪದರ ಇದ್ದಿಲು, ಒಂದು ಪದರ ಉಪ್ಪು, ಮತ್ತೆ ಇದ್ದಿಲು, ಮತ್ತೆ ಉಪ್ಪು. ಉಪ್ಪು ತೇವವನ್ನು ಹಿಡಿದಿಡುತ್ತದೆ, ಉಪ್ಪಿನ ತೇವದಲ್ಲಿ ಕರೆಂಟು ಸರಾಗವಾಗಿ ಹರಿಯುತ್ತದೆ. ಈ ಕಸುಬಿನವರು ತಲೆತಲಾಂತರದಿಂದ ಮಾಡಿಕೊಂಡು ಬಂದದ್ದು ಇದನ್ನೇ.

ಆಕೆಯ ಗಂಡನನ್ನು ಮೇಸ್ತ್ರಿ ಎನ್ನುತ್ತಿದ್ದರು. ಅವನು ಗುಂಡಿಗಿಳಿದು ಅಗೆದರೆ ಅವಳು ಮೇಲೆ ನಿಂತು ಮಣ್ಣಿನ ಬುಟ್ಟಿ ಎಳೆಯುತ್ತಿದ್ದಳು. ಉಪ್ಪಿನ ಮೂಟೆ ಹೊತ್ತು ತರುವುದು, ಬಿಚ್ಚುವುದು, ಸುರಿಯುವುದು ಅವಳ ಪಾಲು. ಮೇಸ್ತ್ರಿ ಉಪ್ಪಿನ ವಿಷಯದಲ್ಲಿ ಧಾರಾಳಿ. ಬೇರೆಯವರು ಅರ್ಧ ಮೂಟೆ ಹಾಕುವ ಕಡೆ ಇವನು ಎರಡು ಮೂಟೆ ಹಾಕುತ್ತಿದ್ದ. "ಜನರ ಪ್ರಾಣದ ಕೆಲಸ ಕಣೇ, ಇದರಲ್ಲಿ ಜಿಪುಣತನ ಮಾಡಬಾರದು" ಎನ್ನುತ್ತಿದ್ದ. ಕೊನೆಗೆ ಪೈಪಿನ ತಲೆ ಕಾಣುವಷ್ಟು ಬಾಯಿ ಬಿಟ್ಟು ಸಿಮೆಂಟಿನ ಮುಚ್ಚಳ ಹಾಕಿ, ಅದು ಹಸಿಯಾಗಿರುವಾಗಲೇ ಮೂಲೆಯಲ್ಲಿ ಬಲಗೈ ಹೆಬ್ಬೆಟ್ಟು ಒತ್ತುತ್ತಿದ್ದ. ಓದು ಬರೆಹ ಬಾರದ ಹೆಬ್ಬೆಟ್ಟಲ್ಲ ಅದು. ಅವನು ಚೆನ್ನಾಗಿಯೇ ಓದುತ್ತಿದ್ದ. ಇದು ನನ್ನ ಕೆಲಸ, ನಂಬಿ ಎನ್ನುವ ಗುರುತು. ಅಂಥವು ಆ ಊರಿನಲ್ಲಿ ನಲವತ್ತಮೂರು ಇದ್ದವು.

ಮೂರು ವರ್ಷದ ಹಿಂದೆ ಒಂದು ಬೆಳಗ್ಗೆ ಮೇಸ್ತ್ರಿ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ಹದಿನೈದು ದಿನ ಕಳೆದ ಮೇಲೆ ಗುಂಡಿಯಕ್ಕ ಅವನ ಹಾರೆಯನ್ನು ಕೈಗೆತ್ತಿಕೊಂಡಳು. ಹೆಂಗಸಿಗೆ ಇದೆಲ್ಲ ಆಗುತ್ತದೆಯೇ ಎಂದು ಕೇಳಿದವರಿಗೆ, ಇಪ್ಪತ್ತೆರಡು ವರ್ಷ ಆ ಮಣ್ಣನ್ನೆಲ್ಲ ಮೇಲೆಳೆದವರು ಯಾರು ಎಂದು ತಿರುಗಿ ಕೇಳಿದಳು. ಹೊಸ ಗುಂಡಿಗಳ ಕೆಲಸ ಹೆಚ್ಚು ಸಿಗಲಿಲ್ಲ. ಗಂಡನ ಹಳೆಯ ಗುಂಡಿಗಳನ್ನು ನೋಡಿಕೊಳ್ಳುವುದೇ ಅವಳ ಕೆಲಸವಾಯಿತು. ಬೇಸಿಗೆ ಬಂದರೆ ಬಕೆಟ್ಟಿನಲ್ಲಿ ಉಪ್ಪುನೀರು ಕಲಸಿ ಒಂದೊಂದು ಗುಂಡಿಯ ಬಾಯಿಗೂ ಹೊಯ್ಯುವಳು, ಮುಚ್ಚಳದ ಮೇಲಿನ ಧೂಳನ್ನು ಸೆರಗಿನಿಂದ ಒರೆಸುವಳು, ಯಾರೂ ಇಲ್ಲದಾಗ ಆ ಹೆಬ್ಬೆಟ್ಟಿನ ಕುಳಿಯಲ್ಲಿ ತನ್ನ ಹೆಬ್ಬೆಟ್ಟನ್ನು ಇಟ್ಟು ನೋಡುವಳು. ಅವನದು ದೊಡ್ಡದು, ಇವಳದು ಒಳಗೆ ಸಡಿಲವಾಗಿ ಕೂರುತ್ತಿತ್ತು.

ಹೀಗಿರುವಾಗ ಲಾಂಡ್ರಿಯವನು ಹೇಳಿಕಳಿಸಿದ.

"ಅಕ್ಕ, ಬಟ್ಟೆ ಒಗೆಯೋ ಮೆಷಿನ್ ಮುಟ್ಟಿದ್ರೆ ಕೈ ಜುಂ ಅನ್ನುತ್ತೆ. ನಿನ್ನೆ ಕೆಲಸದ ಹುಡುಗಿ ಕಿಟಾರ್ ಅಂತ ಕಿರುಚಿ ದೂರ ಬಿದ್ಲು."

ಗುಂಡಿಯಕ್ಕ ಪರೀಕ್ಷೆಯ ಬಲ್ಬು ತೆಗೆದುಕೊಂಡು ಹೋದಳು. ಅದರ ಒಂದು ತಂತಿಯನ್ನು ಕರೆಂಟಿಗೂ ಇನ್ನೊಂದನ್ನು ಅರ್ತಿಂಗಿಗೂ ಕೊಟ್ಟರೆ ದೀಪ ಹೊತ್ತಿಕೊಳ್ಳಬೇಕು. ಹೊತ್ತಿಕೊಳ್ಳಲಿಲ್ಲ. ತಂತಿ ನೋಡಿದಳು, ಸರಿಯಾಗಿತ್ತು. ಗುಂಡಿಯ ಬಾಯಲ್ಲಿ ಕಾಣುವ ಪೈಪಿನ ತಲೆ, ನಟ್ಟು, ಬೋಲ್ಟು ನೋಡಿದಳು, ನಿನ್ನೆ ಹಾಕಿದ ಹಾಗೆ ಹೊಳೆಯುತ್ತಿದ್ದವು. ಸಡಿಲವಾಗಿದೆಯೇನೋ ಎಂದು ಪೈಪಿನ ತಲೆ ಹಿಡಿದು ಅಲ್ಲಾಡಿಸಿದಳು. ಎರಡಡಿಯ ತುಂಡು ಹಾಗೇ ಕಿತ್ತು ಕೈಗೆ ಬಂತು.

ಮುಚ್ಚಳ ಒಡೆದು ಅಗೆದಳು. ಕೆಳಗೆ ಪೈಪೇ ಇರಲಿಲ್ಲ. ಪೈಪು ಇದ್ದ ಜಾಗದಲ್ಲಿ ಇಟ್ಟಿಗೆ ಬಣ್ಣದ ಹಿಟ್ಟು, ಮುಟ್ಟಿದರೆ ಪದರ ಪದರವಾಗಿ ಉದುರುವ ಹೊಪ್ಪಳೆ. ಮೇಲೆ ಥಳಕು, ಒಳಗೆ ಹುಳುಕು ಅನ್ನುವುದನ್ನು ಆಕೆ ಬಾಯಲ್ಲಿ ನೂರು ಸಲ ಅಂದಿದ್ದಳು, ಕಣ್ಣಲ್ಲಿ ಕಂಡದ್ದು ಅವತ್ತೇ. ಹತ್ತಿರ ಬಿದ್ದಿದ್ದ ಮುಚ್ಚಳದ ಚೂರುಗಳಲ್ಲಿ ಹೆಬ್ಬೆಟ್ಟಿನ ಗುರುತು ಎರಡು ಹೋಳಾಗಿತ್ತು.

ಮನೆಗೆ ಬಂದು ಆ ತುಂಡನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಕೂತಳು. ಅತ್ತೆ, ಅಂದರೆ ಮೇಸ್ತ್ರಿಯ ತಾಯಿ, ಎಂಬತ್ತು ದಾಟಿದವಳು. ಕಣ್ಣು ಮಂಜಾದರೂ ಬಾಯಿ ಮಂಜಾಗಿರಲಿಲ್ಲ. ತುಂಡನ್ನು ಬೆರಳಿನಿಂದ ಸವರಿ ನೋಡಿದಳು.

"ಏನಮ್ಮ ಇದು, ಗೆದ್ದಲು ತಿಂದ ಹಾಗಿದೆ?"

"ಕಬ್ಬಿಣಕ್ಕೆ ಗೆದ್ದಲು ಹಿಡಿಯುತ್ತಾ ಅತ್ತೆ? ಅವರು ಹಾಕಿದ ಪೈಪು. ಹನ್ನೊಂದು ವರ್ಷ ಆಗಿದೆ ಅಷ್ಟೆ."

"ಸುತ್ತ ಏನು ಹಾಕಿದ್ರಿ?"

"ಉಪ್ಪು."

"ಸರಿಹೋಯ್ತು! ಉಪ್ಪಿನ ಡಬ್ಬಿಯಲ್ಲಿ ಕಬ್ಬಿಣದ ಚಮಚ ಬಿಟ್ಟಿದ್ದಕ್ಕೆ ನೀನು ಮದುವೆಯಾಗಿ ಬಂದ ವರ್ಷ ನನ್ನ ಕೈಲಿ ಬೈಸಿಕೊಂಡಿದ್ದೆ. ಮರೆತುಬಿಟ್ಯಾ?"

ಮರೆತಿರಲಿಲ್ಲ. ಮೂರು ತಿಂಗಳಿಗೇ ಆ ಚಮಚದ ಹಿಡಿ ಮುರಿದು, ಡಬ್ಬಿಯ ಉಪ್ಪೆಲ್ಲ ಕಂದು ಬಣ್ಣವಾಗಿತ್ತು. ಅಡುಗೆಮನೆಯಲ್ಲಿ ಗೊತ್ತಿದ್ದ ಸಂಗತಿ ಅಂಗಳದ ಗುಂಡಿಯ ಹತ್ತಿರ ಯಾಕೆ ಹೊಳೆಯಲಿಲ್ಲವೋ! ಕರೆಂಟಿಗೆ ದಾರಿ ಮಾಡಿಕೊಡುವ ಆ ಉಪ್ಪಿನ ತೇವವೇ ಕಬ್ಬಿಣವನ್ನು ತಿನ್ನುವುದೂ. ಮೊದಲು ಪೈಪಿನ ಮೇಲಿನ ಸತುವಿನ ಲೇಪ ಹೋಗುತ್ತದೆ, ಆಮೇಲೆ ಕಬ್ಬಿಣ. ಕಾಯಲೆಂದು ಹಾಕಿದ ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಮೇಸ್ತ್ರಿ ಪ್ರೀತಿಯಿಂದ ಹಾಕಿದ ಆ ಎರಡನೇ ಮೂಟೆ, ಅವಳು ಪ್ರತಿ ಬೇಸಿಗೆ ಶ್ರದ್ಧೆಯಿಂದ ಹೊಯ್ದ ಬಕೆಟ್ಟು, ಎಲ್ಲ ಸೇರಿ ಈ ಕೆಲಸ ಮಾಡಿದ್ದವು. ಅತಿಯಾದರೆ ಅಮೃತವೂ ವಿಷ. ಇಂಥವು ಇನ್ನೂ ನಲವತ್ತೆರಡಿವೆ. ಅವುಗಳಲ್ಲೊಂದನ್ನು ನಂಬಿ ಯಾರಾದರೂ ಯಂತ್ರ ಮುಟ್ಟಿ ಸತ್ತರೆ, ಆ ಸಾವಿನ ಮೇಲೆ ತನ್ನ ಗಂಡನ ಹೆಬ್ಬೆಟ್ಟು ಇರುತ್ತದೆ. ಎಲ್ಲವನ್ನೂ ತೆರೆದು ನೋಡುವುದೆಂದು ಕೈ ತೊಳೆಯುವ ಮೊದಲೇ ತೀರ್ಮಾನಿಸಿಬಿಟ್ಟಳು.

ಮೈದುನನಿಗೆ ಸುದ್ದಿ ತಲುಪಿತು. ಅವನು ಮನೆಗಳಿಗೆ ವೈರಿಂಗ್ ಮಾಡಿಸುವವನು. ಅಣ್ಣನ ಹೆಸರು ಹೇಳಿಕೊಂಡೇ ಅರ್ಧ ಕೆಲಸ ಹಿಡಿಯುತ್ತಿದ್ದವನು, ಬಂದವನೇ ಬಾಗಿಲಲ್ಲೇ ಶುರುಮಾಡಿದ.

"ಅತ್ತಿಗೆ, ನಿಮಗೇನಾದ್ರೂ ತಲೆ ಕೆಟ್ಟಿದೆಯಾ? ನಮ್ಮ ಕಾಲ ಮೇಲೆ ನಾವೇ ಕಲ್ಲು ಹಾಕ್ಕೊಳ್ಳೋದಾ? ಮನೆ ಮನೆಗೆ ಹೋಗಿ ನಮ್ಮಣ್ಣ ಹಾಕಿದ್ದು ಕೆಟ್ಟಿದೆ ಅಂತ ಡಂಗುರ ಸಾರ್ತೀರಾ?"

"ಕೆಟ್ಟಿದ್ರೆ ಸಾರಬೇಕಲ್ಲಪ್ಪ."

"ಸರಿ, ಹೀಗೆ ಮಾಡಿ. ಹಳೇ ಗುಂಡಿ ಮುಟ್ಟಬೇಡಿ. ಪಕ್ಕದಲ್ಲಿ ಇನ್ನೊಂದು ತೋಡಿ ತಂತಿ ಆ ಕಡೆ ತಿರುಗಿಸಿ. ಮುಚ್ಚಳ ಮುಚ್ಚಿದ ಹಾಗೇ ಇರಲಿ. ಹಾವೂ ಸಾಯಬೇಕು, ಕೋಲೂ ಮುರೀಬಾರದು."

ಆ ಮಾತು ಅವಳನ್ನು ಒಂದು ಗಳಿಗೆ ಸೆಳೆಯಿತು. ಮುಚ್ಚಳಗಳು ಉಳಿಯುತ್ತಿದ್ದವು, ಹೆಬ್ಬೆಟ್ಟುಗಳೂ. ಆದರೆ ಉಪ್ಪು ಹಾಕಿದ ಕಡೆಯೇ ಕೂತಿರುವ ವಸ್ತುವಲ್ಲ, ತೇವದ ಜೊತೆ ಅಕ್ಕಪಕ್ಕಕ್ಕೆ ಹಬ್ಬುತ್ತದೆ. ಲಾಂಡ್ರಿಯಲ್ಲಿ ಗುಂಡಿಯಿಂದ ಮೂರಡಿ ದೂರದಲ್ಲಿದ್ದ ನಲ್ಲಿಯ ಪೈಪಿಗೂ ಹುಣ್ಣು ಹಿಡಿದಂತೆ ತೂತು ಬಿದ್ದದ್ದನ್ನು ಅವಳೇ ನೋಡಿದ್ದಳು.

"ಹಾವು ಒಳಗೇ ಇರುತ್ತಲ್ಲಪ್ಪ. ಆ ಮಣ್ಣು ಪೂರ್ತಿ ಹೊರಗೆ ಬರಬೇಕು" ಎಂದಳು. ಮೈದುನ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ.

ಎರಡನೆಯದಾಗಿ ಆಕೆ ತೆರೆದದ್ದು ದಿಬ್ಬದ ಮೇಲಿನ ಪ್ರಿಂಟಿಂಗ್ ಪ್ರೆಸ್ಸಿನ ಗುಂಡಿ. ಲಾಂಡ್ರಿಯದಕ್ಕಿಂತ ನಾಲ್ಕು ವರ್ಷ ಹಳೆಯದು. ಮುಚ್ಚಳ ಒಡೆದು ಎರಡು ದಿನ ಅಗೆದಳು. ಪೈಪು ಮದುಮಗನ ಹಾಗೆ ನೆಟ್ಟಗೆ ನಿಂತಿತ್ತು, ಲೇಪ ಕೂಡ ಮಾಸಿರಲಿಲ್ಲ. ಪ್ರೆಸ್ಸಿನವರು ಮುಸಿಮುಸಿ ನಕ್ಕರು. ಮೈದುನನಿಗೆ ಯಾರು ಹೇಳಿದರೋ, ಓಡೋಡಿ ಬಂದು, "ಬೆಟ್ಟ ಅಗೆದು ಇಲಿ ಹಿಡಿದ್ರಿ ಅತ್ತಿಗೆ, ಇಲಿನೂ ಗಟ್ಟಿಮುಟ್ಟಾಗಿದೆ" ಎಂದ. ನಗು ಅವಳಿಗೆ ತಟ್ಟಲಿಲ್ಲ. ಸುಮ್ಮಸುಮ್ಮನೆ ಒಂದು ಹೆಬ್ಬೆಟ್ಟು ಒಡೆದೆನಲ್ಲ ಎಂದು ಮಾತ್ರ ಅಳು ಬಂತು. ಗುಂಡಿಯೊಳಗೇ ನಿಂತು, ಮೇಲಿನವರಿಗೆ ಕಾಣದ ಹಾಗೆ ಅತ್ತಳು.

ಅತ್ತು ಮುಗಿಸಿ ಯೋಚಿಸಿದಳು. ಅದೇ ಪೈಪು, ಅದೇ ಎರಡು ಮೂಟೆ ಉಪ್ಪು, ಅದೇ ಕೈ. ಇದು ಉಳಿದದ್ದು ಹೇಗೆ? ಗೋಡೆಯ ಮಣ್ಣನ್ನು ಒಂದು ಚಿಟಿಕೆ ಕಿತ್ತು ನಾಲಿಗೆಗೆ ಹಚ್ಚಿದಳು. ಸಪ್ಪೆ. ಅದು ಗೊರಚು ಕಲ್ಲಿನ ಕೆಂಪು ನೆಲ, ಜರಡಿಯ ಹಾಗೆ. ಹದಿನೈದು ಮಳೆಗಾಲಗಳು ಉಪ್ಪನ್ನು ತೊಳೆದು ಕೆಳಗೆಲ್ಲೋ ಒಯ್ದಿದ್ದವು. ಅಲ್ಲಿಂದ ನೇರ ಲಾಂಡ್ರಿಗೆ ನಡೆದು, ಅಲ್ಲಿನ ಕಪ್ಪು ಜೇಡಿಯನ್ನೂ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡಳು. ನಾಲಿಗೆ ಚುರುಗುಟ್ಟುವಷ್ಟು ಉಪ್ಪು. ತಗ್ಗಿನ ಜಾಗ, ನೀರು ಇಳಿಯದ ನೆಲ, ಕೊಟ್ಟದ್ದನ್ನೆಲ್ಲ ಹಿಡಿದಿಟ್ಟುಕೊಂಡ ಮಣ್ಣು. ಅಂಥ ನೆಲ ಮೊದಲೇ ಒಂದಿಷ್ಟು ಉಪ್ಪಾಗಿರುತ್ತದೆ, ಅದಕ್ಕೆ ಯಾರೂ ಸುರಿಯಬೇಕಾಗಿಯೇ ಇರಲಿಲ್ಲ. ತಪ್ಪು ಉಪ್ಪು ಹಾಕಿದ್ದರಲ್ಲಿ ಮಾತ್ರವಲ್ಲ, ಎಲ್ಲ ಮಣ್ಣನ್ನೂ ಒಂದೇ ಎಂದುಕೊಂಡದ್ದರಲ್ಲಿಯೂ ಇತ್ತು. ಮಣ್ಣಿನಲ್ಲೇ ಬದುಕಿದ ಗಂಡಹೆಂಡತಿ ಇಬ್ಬರೂ ಮಣ್ಣನ್ನು ಒಂದು ಸಲವೂ ಕೇಳಿರಲಿಲ್ಲ.

ಮುಂದಿನ ಮೂರು ವಾರ ಗುಂಡಿಯಕ್ಕ ಊರು ತುಂಬ ಮಣ್ಣು ತಿಂದಳು. ತಿಂದಳು ಎನ್ನುವುದು ಅತ್ತೆಯ ಮಾತು. ಉಳಿದ ನಲವತ್ತೊಂದು ಮುಚ್ಚಳಗಳ ಪಕ್ಕದಲ್ಲೂ ಸಣ್ಣ ಸರಳಿನಿಂದ ತೂತು ಕೊರೆದು, ಆಳದ ಮಣ್ಣೆತ್ತಿ, ನಾಲಿಗೆಗೆ ಮುಟ್ಟಿಸಿ ಉಗುಳಿ, ಬಾಯಿ ಮುಕ್ಕಳಿಸಿ ಮುಂದಿನದಕ್ಕೆ ಹೋದಳು. ಗರಾಜಿನವನು, "ಏನಕ್ಕ, ಬಸುರಿ ಬಯಕೆಯಾ?" ಎಂದ. "ಹೌದಪ್ಪ, ಗಂಡು ಹುಟ್ಟಿದ್ರೆ ನಿನ್ನ ಹೆಸರೇ ಇಡ್ತೀನಿ, ಗರಾಜು ಅಂತ" ಎಂದು ಉಗುಳಿದಳು. ಕೊನೆಗೆ ಹದಿನಾಲ್ಕು ಸಪ್ಪೆಯಾದವು, ಇಪ್ಪತ್ತೇಳು ಉಪ್ಪು. ಸಪ್ಪೆಯವನ್ನು ವರ್ಷಕ್ಕೊಮ್ಮೆ ಪರೀಕ್ಷಿಸಿದರೆ ಸಾಕೆಂದು ಬಿಟ್ಟಳು. ಆ ಹದಿನಾಲ್ಕು ಹೆಬ್ಬೆಟ್ಟುಗಳು ಉಳಿದವು ಎಂಬ ಸಮಾಧಾನವನ್ನು ಯಾರಿಗೂ ಹೇಳಲಿಲ್ಲ. ಇಪ್ಪತ್ತೇಳರಲ್ಲಿ ಒಂದು ಶಾಲೆಯದು. ಇನ್ನೊಂದು ಅವಳ ಮನೆಯದೇ.

ಮೊದಲು ಶಾಲೆ ಎಂದುಕೊಂಡು ಹೋದಳು. ಅಲ್ಲಿ ಕುಡಿಯುವ ನೀರು ತಣ್ಣಗಾಗಿಸುವ ಸ್ಟೀಲಿನ ಯಂತ್ರವೊಂದಿತ್ತು. ಮಕ್ಕಳು ಆಟ ಮುಗಿಸಿ ಬೆವರಿದ ಕೈಯಲ್ಲೇ ಅದನ್ನು ತಬ್ಬಿಕೊಂಡು ನಲ್ಲಿಗೆ ಬಾಯಿ ಹಚ್ಚುತ್ತಿದ್ದರು. ಹೆಡ್‌ಮಿಸ್ಸು ಶಿಸ್ತಿನ ಹೆಂಗಸು. "ಮೊದಲು ಬಲ್ಬು ಹಚ್ಚಿ ತೋರಿಸಮ್ಮ" ಎಂದರು. ಹಚ್ಚಿದಳು. ದೀಪ ಝಗ್ಗೆಂದು ಹೊತ್ತಿಕೊಂಡಿತು.

"ಉರೀತಿದೆಯಲ್ಲಮ್ಮ! ಚೆನ್ನಾಗಿರೋದನ್ನ ಯಾಕೆ ಅಗೀತೀಯ? ಮಕ್ಕಳು ಓಡಾಡೋ ಜಾಗ."

"ಮೇಡಂ, ದೀಪ ಉರಿಯೋಕೆ ಪೈಪಿನ ಒಂದು ಎಳೆ ಉಳಿದಿದ್ರೂ ಸಾಕು. ಯಂತ್ರ ಕೆಟ್ಟು ಕರೆಂಟು ಒಟ್ಟಿಗೆ ನುಗ್ಗಿದಾಗ ಆ ಎಳೆ ತಾಳಲ್ಲ. ಈ ಮಣ್ಣು ಉಪ್ಪಾಗಿದೆ."

"ಮಣ್ಣು ನೆಕ್ಕಿ ರಿಪೋರ್ಟು ಕೊಡ್ತೀಯಾ? ಹೋಗಮ್ಮ, ನನಗೆ ತರಗತಿ ಇದೆ."

ಮರುದಿನ ಬೆಳಗ್ಗೆ ಗಂಟೆ ಹೊಡೆಯುವ ಮೊದಲೇ ಗುಂಡಿಯಕ್ಕ ಗೇಟಿನಲ್ಲಿದ್ದಳು, ಹೆಗಲ ಮೇಲೆ ಹಾರೆ. ಬೇಡ ಎಂದರು. ಅದರ ಮರುದಿನವೂ ಇದ್ದಳು. ಮೂರನೇ ದಿನ ನೀರಿನ ಯಂತ್ರದ ಮುಂದೆಯೇ ನಿಂತು, ಬಂದ ಮಕ್ಕಳಿಗೆಲ್ಲ ತಾನೇ ಲೋಟದಲ್ಲಿ ನೀರು ಹಿಡಿದುಕೊಟ್ಟಳು, ಒಂದು ಮಗುವೂ ಸ್ಟೀಲು ಮುಟ್ಟದ ಹಾಗೆ. ನಾಲ್ಕನೇ ದಿನವೂ ಹಾಗೇ. ಐದನೇ ದಿನ ಹೆಡ್‌ಮಿಸ್ಸು ಸೋತರು. "ಏನಮ್ಮ ನಿನ್ನ ಪಟ್ಟು, ಉಡದ ಹಾಗೆ! ಭಾನುವಾರ ಬಾ. ಪೈಪು ಚೆನ್ನಾಗಿದ್ರೆ ಮತ್ತೆ ಈ ಗೇಟಿನ ಹತ್ತಿರ ಸುಳೀಬಾರದು" ಎಂದರು.

ಭಾನುವಾರ ಹೆಡ್‌ಮಿಸ್ಸು ಕುರ್ಚಿ ಹಾಕಿಸಿಕೊಂಡು ಕೂತರು. ಅತ್ತಿಗೆಯ ಮಾನ ಹೋಗುವುದನ್ನು ನೋಡಲೋ ಉಳಿಸಲೋ ತನಗೇ ತಿಳಿಯದೆ ಮೈದುನನೂ ಬಂದು ನಿಂತಿದ್ದ. ಗುಂಡಿಯಕ್ಕ ಪರೀಕ್ಷೆಯ ಬಲ್ಬನ್ನು ಹಚ್ಚಿಟ್ಟು, ಮುಚ್ಚಳಕ್ಕೆ ಹಾರೆ ಹಾಕುವ ಮುಂಚೆ ಒಂದು ಸಲ ಹೆಬ್ಬೆಟ್ಟಿನ ಕುಳಿಯನ್ನು ಮುಟ್ಟಿದಳು. ಆಮೇಲೆ ನಿಲ್ಲಲಿಲ್ಲ. ಮೂರಡಿ ಆಳಕ್ಕೆ ಹೋದಾಗ ಪೈಪು ಕಂಡಿತು. ಸುತ್ತ ಎಲ್ಲ ತಿಂದುಹೋಗಿ, ಒಂದು ಬದಿಯಲ್ಲಿ ಬೆರಳಗಲದ ಒಂದು ಪಟ್ಟಿ ಮಾತ್ರ ಮೇಲಿನ ತುಂಡನ್ನು ಕೆಳಗಿನದಕ್ಕೆ ಹಿಡಿದುಕೊಂಡಿತ್ತು. ಒಂದು ಒಣ ಕಡ್ಡಿಯಿಂದ ಒತ್ತಿದಳು, ಪಟ್ಟಿ ಮುರಿಯಿತು. ಅಲ್ಲಿಯವರೆಗೆ ಉರಿಯುತ್ತಿದ್ದ ಬಲ್ಬು ಆರಿತು.

ಹೆಡ್‌ಮಿಸ್ಸು ಕುರ್ಚಿಯಿಂದ ಎದ್ದು ಬಂದು ಗುಂಡಿಯ ಅಂಚಿನಲ್ಲಿ ನಿಂತರು. ನೀರಿನ ಯಂತ್ರದ ಕಡೆ ಒಮ್ಮೆ ನೋಡಿದರು.

"ಇದನ್ನ ಹಾಕಿದ್ದು ಯಾರು?"

ಮೈದುನ ನೆಲ ನೋಡಿದ. ಗುಂಡಿಯಕ್ಕ ಗುಂಡಿಯೊಳಗಿನಿಂದಲೇ ತಲೆ ಎತ್ತಿದಳು.

"ನನ್ನ ಗಂಡ, ಮೇಡಂ. ಉಪ್ಪು ಹೊತ್ತು ಸುರಿದದ್ದು ನಾನು. ವರ್ಷ ವರ್ಷ ಉಪ್ಪುನೀರು ಹೊಯ್ದದ್ದೂ ನಾನೇ. ಉಪ್ಪು ತಿಂದವರು ನೀರು ಕುಡೀಲೇಬೇಕಲ್ಲ, ಅದಕ್ಕೇ ಬಂದಿದ್ದೀನಿ."

ಮೈದುನ ಅಂಗಿ ಕಳಚಿ ಗೇಟಿಗೆ ನೇತುಹಾಕಿ, "ಮೇಲೆ ಬನ್ನಿ ಅತ್ತಿಗೆ, ಇನ್ನೂ ಐದಡಿ ಇದೆ" ಎಂದು ಕೈ ಚಾಚಿದ. ಅವತ್ತಿನಿಂದ ಅವನು ಅಗೆದ, ಅವಳು ಬುಟ್ಟಿ ಎಳೆದಳು. ಅಗೆತದ ಕೈ ಅಣ್ಣನದರಂತಿಲ್ಲ, ಗುಂಡಿ ಸೊಟ್ಟಗಾಗುತ್ತದೆ ಎಂದು ಅವಳು ಬೈಯುವುದೂ ಶುರುವಾಯಿತು.

ಉಪ್ಪುಮಣ್ಣನ್ನೆಲ್ಲ ಹೊರಗೆ ಹಾಕಿ, ತಾಮ್ರ ಹೊದಿಸಿದ ಸರಳು ನಿಲ್ಲಿಸಿ, ಸುತ್ತ ಉಪ್ಪಿಲ್ಲದೆಯೇ ತೇವ ಹಿಡಿಯುವ ಬೂದು ಜೇಡಿಯ ಪುಡಿ ಕಲಸಿ ತುಂಬುವುದು ಈಗಿನ ಪದ್ಧತಿಯಾಯಿತು. ಲಾಂಡ್ರಿಯ ಗುಂಡಿಗೆ ಮೊದಲೇ ಹೀಗೆ ಮಾಡಿದ್ದಳು. ಶಾಲೆಯ ಮುಚ್ಚಳದ ಸಿಮೆಂಟು ಹಸಿಯಾಗಿದ್ದಾಗ ಮೈದುನ, "ಹೆಬ್ಬೆಟ್ಟು ಒತ್ತಿ ಅತ್ತಿಗೆ" ಎಂದ. ಅವಳು ಒತ್ತಲಿಲ್ಲ. ಮೊಳೆ ತೆಗೆದುಕೊಂಡು ಒಂದು ತಿಂಗಳ ಹೆಸರು, ಒಂದು ಇಸವಿ ಬರೆದಳು. ಮತ್ತೆ ತೆರೆದು ನೋಡಬೇಕಾದ ದಿನ.

"ಹೆಬ್ಬೆಟ್ಟು ಅಂದ್ರೆ ಕೆಲಸ ಮುಗೀತು, ನಂಬಿ ಅಂತ. ಮಣ್ಣಿನೊಳಗೆ ಇಟ್ಟಿದ್ದು ಮುಗಿಯೋ ಕೆಲಸ ಅಲ್ಲಪ್ಪ. ತೆಗೆದು ನೋಡ್ತಾನೇ ಇರಬೇಕು."

ಒಂದೊಂದಾಗಿ ಇಪ್ಪತ್ತಾರು ಮುಗಿದವು. ಅವುಗಳಲ್ಲಿ ಹತ್ತೊಂಬತ್ತು ಸತ್ತಿದ್ದವು, ಏಳು ಸಾಯುತ್ತಿದ್ದವು. ಕೆಲವು ಮನೆಯವರು ಬೈದರು, ಕೆಲವರು ಕೈ ಹಿಡಿದುಕೊಂಡರು. ಮೇಸ್ತ್ರಿಯ ಹೆಸರು ಕೆಟ್ಟಿತೋ ಉಳಿಯಿತೋ, ಆ ಹೆಸರಿನ ಕೆಳಗೆ ಯಾರೂ ಸಾಯಲಿಲ್ಲ. ಉಳಿದದ್ದು ಮನೆಯದೊಂದು.

ಅದು ಹಿತ್ತಲ ಬಾಗಿಲ ಪಕ್ಕ, ಮೆಟ್ಟಿಲಿಗೆ ಅಂಟಿಕೊಂಡಿತ್ತು. ಅತ್ತೆ ದಿನವೂ ಬಿಸಿಲು ಕಾಯಿಸಲು ಕೂರುವುದು ಆ ಮೆಟ್ಟಿಲಿನ ಮೇಲೆ. ಕೂತಾಗ ಅವಳ ಎಡಗೈ ತಾನಾಗಿಯೇ ಮುಚ್ಚಳದ ಮೂಲೆಗೆ ಹೋಗಿ ಮಗನ ಹೆಬ್ಬೆಟ್ಟನ್ನು ಹುಡುಕುತ್ತಿತ್ತು. ಮಂಜುಗಣ್ಣಿಗೆ ಫೋಟೋ ಕಾಣುತ್ತಿರಲಿಲ್ಲ, ಇದು ಬೆರಳಿಗೆ ಕಾಣುತ್ತಿತ್ತು. ಗುಂಡಿಯಕ್ಕ ಹಾರೆ ತಂದ ದಿನ ಅತ್ತೆ ಮೆಟ್ಟಿಲು ಬಿಟ್ಟು ಮುಚ್ಚಳದ ಮೇಲೆಯೇ ಕೂತಿದ್ದಳು.

"ಇದೊಂದು ಬಿಡು."

"ಅತ್ತೆ, ಇಲ್ಲಿಂದ ಎರಡಡಿಗೆ ಅಡುಗೆಮನೆಯ ನೀರಿನ ಪೈಪಿದೆ. ಮೋಟಾರು ಹಾಕೋದು ನೀವೇ, ಒದ್ದೆ ಕೈಯಲ್ಲಿ."

"ಇಷ್ಟು ವರ್ಷ ಏನೂ ಆಗಲಿಲ್ಲ. ನಾನು ಸತ್ತ ಮೇಲೆ ಒಡೆದುಕೋ."

ಗುಂಡಿಯಕ್ಕ ಹಾರೆ ಕೆಳಗಿಟ್ಟು ಅತ್ತೆಯ ಪಕ್ಕದಲ್ಲಿ ಕೂತಳು. "ಇಪ್ಪತ್ತಾರು ಮನೆಯವರಿಗೆ ಒಡೀಲೇಬೇಕು ಅಂತ ಹೇಳಿ, ನಮ್ಮ ಮನೆಗೆ ಬಂದಾಗ ಬೇಡ ಅಂದ್ರೆ ಅವರು ನನ್ನನ್ನ ಏನಂತಾರೆ ಅತ್ತೆ? ನೀವು ಸಾಯೋದು ಈ ಗುಂಡಿಯಿಂದ ಆದ್ರೆ ನಾನು ಅವರಿಗೆ ಯಾವ ಮುಖ ತೋರಿಸಲಿ?" ಎಂದಳು. ಬಿಸಿಲು ಮೆಟ್ಟಿಲಿನಿಂದ ಗೋಡೆಗೆ ಸರಿಯುವವರೆಗೆ ಇಬ್ಬರೂ ಕೂತಿದ್ದರು. ಆಮೇಲೆ ಅತ್ತೆ ಸೊಸೆಯ ಹೆಗಲು ಹಿಡಿದು ಎದ್ದಳು.

ಮೂಲೆಯನ್ನಾದರೂ ಇಡಿಯಾಗಿ ಎತ್ತಿಕೊಡೋಣವೆಂದು ಗುಂಡಿಯಕ್ಕ ಉಳಿಯಿಂದ ಮೆಲ್ಲಗೆ ಬಿಡಿಸಿದಳು. ಆಗಲಿಲ್ಲ. ಮುಚ್ಚಳದೊಳಗಿನ ಕಂಬಿಗೂ ಉಪ್ಪು ಏರಿತ್ತು. ಕಂಬಿ ತುಕ್ಕಿನಿಂದ ಉಬ್ಬಿ, ಒಳಗಿನಿಂದಲೇ ಸಿಮೆಂಟನ್ನು ಸೀಳಿತ್ತು. ಎತ್ತಿದ ಕೂಡಲೇ ಹೆಬ್ಬೆಟ್ಟು ನಾಲ್ಕು ಚೂರಾಗಿ ಅವಳ ಅಂಗೈಗೆ ಬಿತ್ತು. ಕೆಳಗೆ ಪೈಪು ಇರಲಿಲ್ಲ. ಅದರ ಹಿಟ್ಟನ್ನು ಒಂದು ಹಿಡಿ ತಂದು ಅತ್ತೆಯ ಕೈಗೆ ಹಾಕಿದಳು. ಅತ್ತೆ ಅದನ್ನು ಬೆರಳಲ್ಲಿ ಉಜ್ಜಿ ನೋಡಿದಳು, ಮೂಸಿದಳು. ಮೋಟಾರಿನ ಸ್ವಿಚ್ಚಿನ ಕಡೆಗೆ ಒಂದು ಸಲ ಮುಖ ತಿರುಗಿಸಿದಳು.

ಮೂರನೇ ದಿನ ಹೊಸ ಮುಚ್ಚಳ ಬಿತ್ತು. ಗುಂಡಿಯಕ್ಕ ಮೊಳೆ ಹಿಡಿದು ಕುಕ್ಕರಗಾಲಲ್ಲಿ ಕೂತಾಗ ಅತ್ತೆ ಗೋಡೆ ಹಿಡಿದುಕೊಂಡು ಬಂದು ಮೆಟ್ಟಿಲ ಮೇಲೆ ತನ್ನ ಜಾಗದಲ್ಲಿ ಕೂತಳು.

"ಏನು ಬರೀತಿದ್ದೀಯ?"

"ಮತ್ತೆ ತೆಗೆದು ನೋಡೋ ವರ್ಷ ಅತ್ತೆ."

"ಎಷ್ಟು ವರ್ಷ ಬಿಟ್ಟು?"

"ಐದು."

ಅತ್ತೆ ಸ್ವಲ್ಪ ಹೊತ್ತು ಬೆರಳಲ್ಲಿ ಏನೋ ಲೆಕ್ಕ ಹಾಕಿದಳು.

"ಎರಡು ಅಂತ ಬರಿ. ನಾನೂ ನೋಡ್ಬೇಕು."

ಗುಂಡಿಯಕ್ಕ ಹಸಿ ಸಿಮೆಂಟನ್ನು ಅಂಗೈಯಿಂದ ಸವರಿ, ಮತ್ತೆ ಬರೆದಳು.